ಇಷ್ಟವಾಗುತ್ತೆ ಅಂತ ಅಂದುಕೊಂಡೇ ಇರದ ಹೊಸ ಬ್ಯಾಂಡ್, ಹೊಸ ಗಾಯಕರು: ನಿಮಗೆ ಯಾರು ಸಿಕ್ಕರು?

ಅಡಿಕೆ ಅಂಗಳ (ತೀರ್ಥಹಳ್ಳಿ ಕಡೆ)

ಮೊದಲೇ ಹೇಳಿಬಿಡುತ್ತೇನೆ, ನಾನು ಸಂಗೀತ ಬಲ್ಲವನಲ್ಲ. ಇಂಡೀ ಸಂಗೀತ ಅಂದರೆ ಬೆಂಗಳೂರಿನ ಕಾಫಿ ಅಂಗಡಿಯಲ್ಲಿ ಗಿಟಾರ್ ಹಿಡಿದು, ಕಣ್ಣು ಮುಚ್ಚಿ, ಮೂಗಿನಲ್ಲಿ ಇಂಗ್ಲಿಷ್ ಹಾಡುವ ಹುಡುಗರು ಅಂತಷ್ಟೇ ನನ್ನ ಲೆಕ್ಕ ಇತ್ತು.

ಹೋದ ವರ್ಷ ಅಡಿಕೆ ಸುಲಿಯುವ ಹೊತ್ತಿಗೆ ಅಕ್ಕನ ಮಗ ಬೆಂಗಳೂರಿನಿಂದ ಬಂದಿದ್ದ. ಸುಲಿಯುತ್ತೇನೆ ಅಂತ ಮೆಟ್ಟುಗತ್ತಿ ಮುಂದೆ ಕೂತು ಹತ್ತೇ ನಿಮಿಷದಲ್ಲಿ ಬೆರಳು ಕೊಯ್ದುಕೊಂಡ. "ನೀನು ಹಾಡು ಹಾಕು ಮಾರಾಯ, ಅದೇ ದೊಡ್ಡ ಉಪಕಾರ" ಅಂದೆ. ನಮ್ಮ ಅಂಗಳದಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಅವನ ಫೋನಿನಲ್ಲಿ ಇಳಿಸಿಟ್ಟಿದ್ದೇ ಗತಿ. ಹಾಕಿದ.

ಏನೋ ಒಂದು ಗಿಟಾರ್ ಶುರುವಾಯಿತು. ಹಿಂದೆ ಚಪ್ಪಾಳೆ. ನಾಲ್ಕೈದು ಜನ ಒಟ್ಟಿಗೆ, ಗಂಟಲು ಏರಿಸದೆ, ಮಾತಾಡಿಕೊಂಡ ಹಾಗೆ ಹಾಡುತ್ತಾರೆ. ಒಂದಕ್ಷರ ಅರ್ಥವಾಗಲಿಲ್ಲ. ಈಗ ಯಾರಾದರೂ "ಇದನ್ನು ತೆಗೀರಿ" ಅಂತಾರೆ ಅಂದುಕೊಂಡೆ. ಸುಲಿಯುವವರು ಹನ್ನೆರಡು ಜನ ಇದ್ದರು. ಯಾರೂ ಏನೂ ಹೇಳಲಿಲ್ಲ. ಮೂರನೇ ಹಾಡು ಮುಗಿದಾಗ, ಎಲ್ಲರಿಗಿಂತ ಜೋರು ಸುಲಿಯುವ ಅಜ್ಜಿ ತಲೆ ಎತ್ತದೆ ಅಂದರು: "ಎತ್ತಿನ ಗಾಡಿ ಹೋದ ಹಾಗಿದೆ. ಇರಲಿ ಬಿಡಿ."

ಅದು ಟಿನಾರಿವೆನ್ ಅಂತ. ಆಫ್ರಿಕಾದ ಮಾಲಿ ದೇಶದ ಉತ್ತರಕ್ಕಿರುವ ಸಹಾರಾ ಮರುಭೂಮಿಯ ತುವಾರೆಗ್ ಜನ. ಅವರ ಭಾಷೆಯಲ್ಲಿ ಆ ಹೆಸರಿಗೆ ಮರುಭೂಮಿಗಳು ಅಂತಲೇ ಅರ್ಥ. ಅವರ ಲಯ ಒಂಟೆಯ ನಡಿಗೆಯ ಹಾಗೆ ಅಂತ ಹೇಳುತ್ತಾರೆ ಎಂದು ಹುಡುಗ ಆಮೇಲೆ ಹೇಳಿದ. ಅಜ್ಜಿಗೆ ಒಂಟೆ ಗೊತ್ತಿಲ್ಲ, ಎತ್ತು ಗೊತ್ತು. ಅಷ್ಟೇ ವ್ಯತ್ಯಾಸ. ಉಳಿದ ಐದು ರಾತ್ರಿಯೂ ಅದೇ ಓಡಿತು.

ಹೀಗೆ ನಿಮಗೂ ಆಗಿರಬೇಕಲ್ವಾ? ಇದು ನನ್ನ ಜಾತಿಯ ಹಾಡಲ್ಲ ಅಂದುಕೊಂಡು ಆಮೇಲೆ ಅದರಲ್ಲೇ ಸಿಕ್ಕಿಹಾಕಿಕೊಂಡದ್ದು. ಸುಮ್ನೆ ಲಿಂಕ್ ಹಾಕಬೇಡಿ, ನಮ್ಮಲ್ಲಿ ತೆರೆದುಕೊಳ್ಳುವುದಿಲ್ಲ. ಯಾಕೆ ಹಿಡಿಸಿತು, ಅದನ್ನು ಬರೆಯಿರಿ.

ಕಳಲೆ ಪಲ್ಯ

ಟಿನಾರಿವೆನ್ ಹೊಸಬರಾ?! 1979ರಲ್ಲಿ ಶುರು ಮಾಡಿದವರು. 2012ರಲ್ಲಿ ಗ್ರ್ಯಾಮಿ ಕೂಡ ಬಂತು. ನೀವು ಹುಟ್ಟಿದ್ದಿರೋ ಇಲ್ಲವೋ.

ಅಡಿಕೆ ಅಂಗಳ

ಹುಟ್ಟಿದ್ದೆ, ಎರಡನೇ ಕ್ಲಾಸು. ನಮ್ಮ ಅಂಗಳಕ್ಕೆ ಬಂದಿದ್ದು ಹೋದ ವರ್ಷ, ಹಾಗಾಗಿ ಹೊಸಬರೇ.

ತುಂಗೆ ಸೇತುವೆ (ಶಿವಮೊಗ್ಗ)

ಟಿನಾರಿವೆನ್ ಹಿಡಿಸಿದರೆ ಮುಂದಿನ ಮನೆ ಎಂಡೂ ಮೊಕ್ತಾರ್. ಪಕ್ಕದ ನೈಜರ್ ದೇಶದವನು, ಅದೇ ತುವಾರೆಗ್ ಜನ. ಆದರೆ ಇವನದ್ದು ಎತ್ತಿನ ಗಾಡಿ ಅಲ್ಲ, ಸೈಲೆನ್ಸರ್ ಕಿತ್ತ ಬೈಕು. ಎಡಗೈಯಲ್ಲಿ ನುಡಿಸುತ್ತಾನೆ. ಅವನು ಮೊದಲ ಗಿಟಾರನ್ನು ತಾನೇ ಮಾಡಿಕೊಂಡ, ತಂತಿಗೆ ಸೈಕಲ್ಲಿನ ಬ್ರೇಕ್ ಕೇಬಲ್ ಬಿಚ್ಚಿ ಕಟ್ಟಿದ. ತಮಾಷೆ ಅಂದರೆ ಟಿನಾರಿವೆನ್ ಕಟ್ಟಿದ ಇಬ್ರಾಹಿಂ ಕೂಡ ಚಿಕ್ಕವನಿದ್ದಾಗ ಡಬ್ಬಿ, ಕೋಲು ಮತ್ತು ಬ್ರೇಕ್ ತಂತಿಯಲ್ಲೇ ಗಿಟಾರ್ ಮಾಡಿಕೊಂಡದ್ದು. ಆ ಕಡೆ ಎಷ್ಟು ಸೈಕಲ್ಲುಗಳು ಬ್ರೇಕ್ ಇಲ್ಲದೆ ಓಡಿದವೋ!

ನನ್ನನ್ನು ಹಿಡಿದದ್ದು ಬೇರೆ ವಿಷಯ. ಅವನ ಹಾಡುಗಳು ಮೊದಲು ಹಬ್ಬಿದ್ದು ರೇಡಿಯೋದಲ್ಲಿ ಅಲ್ಲ, ಸಿಡಿಯಲ್ಲೂ ಅಲ್ಲ. ಮೊಬೈಲಿನ ಮೆಮೊರಿ ಕಾರ್ಡಿನಲ್ಲಿ. ಸಹಾರಾ ಸುತ್ತಮುತ್ತ ಜನ ಒಬ್ಬರ ಫೋನಿನಿಂದ ಇನ್ನೊಬ್ಬರ ಫೋನಿಗೆ ಬ್ಲೂಟೂತಿನಲ್ಲಿ ಹಾಡು ಕಳಿಸುತ್ತಿದ್ದರು. ಸಹೆಲ್ ಸೌಂಡ್ಸ್ ಅಂತ ಸಣ್ಣ ಸಂಸ್ಥೆ ನಡೆಸುವ ಅಮೆರಿಕದವನೊಬ್ಬ ಅಲ್ಲಿಗೆ ಹೋಗಿ, ಅಂಥ ಫೋನುಗಳಲ್ಲಿದ್ದ ಹಾಡು ಕೂಡಿಸಿ ಸಂಕಲನ ತಂದ. ಅದರಿಂದ ಹೊರಗಿನ ಜಗತ್ತಿಗೆ ಇವನ ಹೆಸರು ಗೊತ್ತಾಯಿತು.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಬಸ್ ಸ್ಟ್ಯಾಂಡಿನ ಎದುರಿನ ಮೊಬೈಲ್ ಅಂಗಡಿ. ನೆನಪಿದೆಯಾ, ಕಾರ್ಡು ಕೊಟ್ಟರೆ ಇಪ್ಪತ್ತು ರೂಪಾಯಿಗೆ ಹಾಡು ತುಂಬಿ ಕೊಡುತ್ತಿದ್ದರು? "ಹಳೇದಾ ಹೊಸದಾ" ಅಂತ ಒಂದೇ ಪ್ರಶ್ನೆ. ನಾನು ಒಮ್ಮೆ "ಎರಡೂ ಅಲ್ಲದ್ದು" ಅಂದಿದ್ದೆ. ಯಾವುದೋ ಗಿರಾಕಿ ಬಿಟ್ಟುಹೋದ ಫೋಲ್ಡರ್ ಹಾಕಿಕೊಟ್ಟ. ಅದರಲ್ಲಿ ಕಾಶ್ಮೀರಿಯಲ್ಲಿ ಹಾಡುವ ಒಂದು ರಾಕ್ ಬ್ಯಾಂಡ್ ಇತ್ತು. ಹೆಸರು ಬರೆದಿರಲಿಲ್ಲ, ಟ್ರ್ಯಾಕ್ 03 ಅಂತಷ್ಟೇ. ಪರ್ವಾಜ್ ಅಂತ ತಿಳಿಯಲು ಎರಡು ವರ್ಷ ಬೇಕಾಯಿತು. ಬೆಂಗಳೂರಿನ ಬ್ಯಾಂಡೇ! ಕಾಶ್ಮೀರದಿಂದ ಬಂದ ಇಬ್ಬರು ಇಲ್ಲಿ ಶುರು ಮಾಡಿದ್ದು. ನಾನು ಇರಾನೋ ಟರ್ಕಿಯೋ ಅಂದುಕೊಂಡಿದ್ದೆ.

ರೇಡಿಯೋ ಭಾವ (ಭದ್ರಾವತಿ)

ಎಲ್ಲ ಓದಿದೆ. ಒಂದು ಪ್ರಶ್ನೆ. ಅರ್ಥವಾಗದ ಹಾಡನ್ನು ಯಾಕೆ ಕೇಳಬೇಕು?

ಇಂಡೀ ಇಂಡೀ ಅಂತೀರಿ. ಸಿನಿಮಾಕ್ಕೆ ಸೇರದ, ತನ್ನ ಪಾಡಿಗೆ ಇರುವ ಹಾಡು ಅಂತ ತಾನೇ ಅರ್ಥ? ನಮ್ಮಲ್ಲಿ ಅದು ಎಂದೋ ಬಂದಿದೆ. 1978ರಲ್ಲಿ ನಿತ್ಯೋತ್ಸವ ಬಂತು, ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್. ಮೈಸೂರು ಅನಂತಸ್ವಾಮಿಯವರ ಸಂಗೀತ. ಕವಿತೆ ಬರೆದ ನಿಸಾರ್ ಅಹಮದ್ ನಮ್ಮ ಸಹ್ಯಾದ್ರಿ ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಮಾಡಿದವರು. ಇನ್ನು ಶಿವಮೊಗ್ಗ ಸುಬ್ಬಣ್ಣ. ವೃತ್ತಿಯಲ್ಲಿ ವಕೀಲರು. ಕಾಡು ಕುದುರೆ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದ ಮೊದಲ ಕನ್ನಡದ ಹಿನ್ನೆಲೆ ಗಾಯಕ. ಅದೊಂದು ಸಿನಿಮಾದ್ದು, ಸರಿ. ಆದರೆ ಅವರ ಜೀವ ಇದ್ದದ್ದು ಸುಗಮ ಸಂಗೀತದಲ್ಲಿ. ಹಗಲು ಕೋರ್ಟು, ಸಂಜೆ ಹಾಡು. ಇದಕ್ಕಿಂತ ಇಂಡೀ ಬೇಕಾ ನಿಮಗೆ?

ಮನೆಯ ಹಿತ್ತಲಲ್ಲೇ ಇರುವುದು ಬಿಟ್ಟು ಮರುಭೂಮಿಗೆ ಯಾಕೆ ಹೋಗುತ್ತೀರಿ ಅಂತ.

ಸಾಗರದವಳು

ಭಾವ, ಸುಬ್ಬಣ್ಣ ಅವರ ಬಗ್ಗೆ ಒಂದಕ್ಷರ ತಕರಾರಿಲ್ಲ. ಆದರೆ ಅರ್ಥವಾಗದ್ದನ್ನು ಕೇಳಬಾರದು ಅಂದರೆ ನೀವು ಯಕ್ಷಗಾನದಲ್ಲಿ ಭಾಗವತರು ಎತ್ತುಗಡೆ ಮಾಡುವಾಗ ಎದ್ದು ಚಹಾ ಕುಡಿಯಲು ಹೋಗುತ್ತೀರಾ? ಪದ್ಯದ ಮಾತು ಅರ್ಧ ಚಂಡೆಯಲ್ಲಿ ಮುಚ್ಚಿಹೋಗುತ್ತದೆ. ಆದರೂ ಬೆಳಗಿನ ಜಾವ ಕಣ್ಣು ಮುಚ್ಚದೆ ಕೂರುತ್ತೇವೆ.

ನಂದು ಹೇಳುತ್ತೇನೆ. ಸಿಗುರ್ ರೋಸ್ ಅಂತ ಐಸ್‌ಲ್ಯಾಂಡಿನ ತಂಡ, 1994ರಿಂದ ಇದ್ದಾರೆ. ಹಾಡುವವನು ಗಿಟಾರನ್ನು ಬೆರಳಲ್ಲಿ ಮೀಟುವುದಿಲ್ಲ, ಸೆಲ್ಲೋ ಕಮಾನಿನಲ್ಲಿ ಉಜ್ಜುತ್ತಾನೆ. ಕೆಲವು ಹಾಡುಗಳಲ್ಲಿ ಭಾಷೆಯೇ ಇಲ್ಲ. ಬಾಯಿಗೆ ಬಂದ ಸ್ವರಗಳು. ಅದಕ್ಕೆ ಅವರೇ ಒಂದು ಹೆಸರು ಇಟ್ಟುಕೊಂಡಿದ್ದಾರೆ, ವೊನ್‌ಲೆನ್ಸ್ಕಾ ಅಂತ. ಅಂದರೆ ಐಸ್‌ಲ್ಯಾಂಡಿನವರಿಗೂ ಅದು ಅರ್ಥವಾಗುವುದಿಲ್ಲ! ನಾವೂ ಅವರೂ ಒಂದೇ.

ಇದನ್ನು ಕಾಲೇಜಿನಲ್ಲಿ ಗೆಳತಿ ಕೇಳಿಸಿದಾಗ ನಿದ್ದೆ ಬಂತು, ನಿಜವಾಗಿ. ಎಂಟು ನಿಮಿಷದ ಹಾಡು, ಐದನೇ ನಿಮಿಷದವರೆಗೆ ಏನೂ ಆಗುವುದಿಲ್ಲ. ಯಾರಿಗೆ ಅಷ್ಟು ಪುರುಸೊತ್ತು ಅಂತ ಬಿಟ್ಟೆ. ಆಮೇಲೆ ಒಂದು ಆಷಾಢ. ಮೂರು ದಿನ ಕರೆಂಟಿಲ್ಲ. ಹೆಂಚಿನ ಮೇಲೆ ಮಳೆ, ಬಚ್ಚಲ ಒಲೆ ಹೊಗೆ, ಹಪ್ಪಳ ಸುಟ್ಟುಕೊಂಡು ಕೂತಿದ್ದೇನೆ. ಫೋನಿನಲ್ಲಿ ಹನ್ನೊಂದು ಪರ್ಸೆಂಟ್. ಹಾಡು ಹಚ್ಚಿದೆ. ಆವತ್ತು ಗೊತ್ತಾಯಿತು, ಐದು ನಿಮಿಷ ಏನೂ ಆಗುವುದಿಲ್ಲ ಅಂದುಕೊಂಡಿದ್ದೆನಲ್ಲ, ಅಲ್ಲೇ ಎಲ್ಲ ಆಗುತ್ತಿತ್ತು. ಮಳೆ ಜಾಸ್ತಿಯಾಗುವುದು ಹೇಗೆ ಗೊತ್ತಾಗುವುದಿಲ್ಲವೋ ಹಾಗೆ ಅದು ಏರುತ್ತದೆ. ಅಮ್ಮ ಒಳಗಿಂದ "ಯಾರ ಮನೆಯಲ್ಲಿ ಭಜನೆ?" ಅಂತ ಕೇಳಿದರು.

ನಿಮ್ಮ ಹಿತ್ತಲಿನ ಮಾತಿಗೆ ಬಂದರೆ, ಬಿಂದುಮಾಲಿನಿ ಕೇಳಿದ್ದೀರಾ? ನಾತಿಚರಾಮಿ ಸಿನಿಮಾದ ಹಾಡಿಗೆ ರಾಷ್ಟ್ರಪ್ರಶಸ್ತಿ ಬಂತು, ಅದು ಎಲ್ಲರಿಗೂ ಗೊತ್ತು. ಆದರೆ ವೇದಾಂತ್ ಭಾರದ್ವಾಜ್ ಜೊತೆ ಕಬೀರನನ್ನು ಹಾಡಿದ್ದು ಕೇಳಿ. ಶಾಸ್ತ್ರೀಯ ಕಲಿತ ಗಂಟಲು, ಆದರೆ ಕಛೇರಿಯ ಠೀವಿ ಇಲ್ಲ. ಪಕ್ಕದಲ್ಲಿ ಕೂತು ಹೇಳಿದ ಹಾಗೆ.

ಹೊಸನಗರ 2ಜಿ

ದಿ ಹೂ. ಮಂಗೋಲಿಯಾ. ಕುದುರೆ ತಲೆ ಕೆತ್ತಿದ ಪಿಟೀಲು, ಗಂಟಲಿನಿಂದ ಎರಡು ಸ್ವರ ಒಟ್ಟಿಗೆ ಬರುವ ಹಾಡು, ಮೇಲೆ ಹೆವಿ ಮೆಟಲ್. 2018ರಲ್ಲಿ ಅವರ ವಿಡಿಯೋ ಬಂತು. ನನ್ನಲ್ಲಿ 2019ರಲ್ಲಿ ಬಫರ್ ಆಗಿ ಮುಗಿಯಿತು.

ಕಳಲೆ ಪಲ್ಯ

ಬಾನ್ ಐವರ್ ಬಗ್ಗೆ ಯಾರೂ ಹೇಳಲಿಲ್ವಾ? ಹೃದಯ ಒಡೆದು, ಕಾಯಿಲೆ ಬಿದ್ದು, ಅಪ್ಪನ ಬೇಟೆ ಗುಡಿಸಲಿಗೆ ಹೋಗಿ ವಿಸ್ಕಾನ್ಸಿನ್ ಚಳಿಯಲ್ಲಿ ಒಬ್ಬನೇ ಕೂತು ಹಾಡು ಮಾಡಿದ. 2007ರಲ್ಲಿ ತಾನೇ ಹೊರತಂದ.

ಅಡಿಕೆ ಅಂಗಳ

ಹುಡುಗ ಅದನ್ನೂ ಹಾಕಿದ್ದ. ಕಾಡಿನ ಮಧ್ಯೆ ಒಂಟಿ ಮನೆಯಲ್ಲಿ ಕೂತದ್ದು ಇಷ್ಟು ದೊಡ್ಡ ಸುದ್ದಿಯಾ ಮಾರ್ರೆ? ನಾವು ಜೂನ್‌ನಿಂದ ಸೆಪ್ಟೆಂಬರ್ ತನಕ ಅದನ್ನೇ ಮಾಡುವುದು. ಅಜ್ಜಿ ಎರಡೇ ನಿಮಿಷಕ್ಕೆ "ಆ ಹುಡುಗನಿಗೆ ಕಷಾಯ ಕೊಡಿ" ಅಂದರು.

ಗಿಟಾರ್ ಹುಡುಗ (ಶಿವಮೊಗ್ಗ)

ಮೊದಲ ಸಲ ಇಲ್ಲಿ ಬರೆಯುತ್ತಿದ್ದೇನೆ. ನಾವು ನಾಲ್ಕು ಜನ ವಿನೋಬನಗರದ ಒಂದು ಕಾರ್ ಶೆಡ್ಡಿನಲ್ಲಿ ನುಡಿಸುತ್ತೇವೆ. ನಮ್ಮದೇ ಕನ್ನಡ ಹಾಡು, ಆರು ಇವೆ.

ನಾನು ಸ್ವರಾತ್ಮ ಕೇಳಿ ಈ ಕಡೆ ಬಂದವನು. 2002ರಲ್ಲಿ ಬೆಂಗಳೂರಿನಲ್ಲಿ ಶುರುವಾದ ತಂಡ. ಅದಕ್ಕೆ ಮೊದಲು ನನಗೆ ರಾಕ್ ಅಂದರೆ ಇಂಗ್ಲಿಷ್, ಜನಪದ ಅಂದರೆ ರಾಜ್ಯೋತ್ಸವದ ಸ್ಟೇಜು. ಎರಡು ಡಬ್ಬಿ ಬೇರೆ ಬೇರೆ. ವಾಸು ದೀಕ್ಷಿತ್ ಹಾಡುವುದು ಕೇಳಿದಾಗ ಡಬ್ಬಿಯ ಮುಚ್ಚಳ ಹೋಯಿತು. ಹಾಗೇ 2008ರಲ್ಲಿ ಬಂದ ರಘು ದೀಕ್ಷಿತ್ ಮೊದಲ ಆಲ್ಬಮ್, ಷರೀಫರ ಪದ ಇರುವುದು.

ಈಗ ನನ್ನ ಗೋಳು. ಒಂದು ಕಾಲೇಜಿನ ಫೆಸ್ಟಿಗೆ ಕರೆದರು. ಅರ್ಧ ಗಂಟೆ ಅಂದಿದ್ದರು. ಎರಡು ಹಾಡು ಆಗುವಷ್ಟರಲ್ಲಿ ಒಬ್ಬರು ಮೆಟ್ಟಿಲ ಹತ್ತಿರ ಬಂದು "ಸ್ವಲ್ಪ ಗೊತ್ತಿರುವುದು ನುಡಿಸ್ರಪ್ಪ" ಅಂದರು. ನಮಗೆ ಗೊತ್ತಿರುವುದನ್ನೇ ನುಡಿಸುತ್ತಿದ್ದೆವು! ಮೂರನೇ ಹಾಡಿಗೆ ಮೈಕ್ ಆಫ್. ಆಮೇಲೆ ಪೆನ್ ಡ್ರೈವ್ ಹಾಕಿ ಡ್ಯಾನ್ಸ್ ಶುರು ಮಾಡಿದರು. ನಮ್ಮ ಡ್ರಮ್ಮರ್ ಕೂಡ ಹೋಗಿ ಕುಣಿದ, ಅದು ಬೇರೆ ಸಂಕಟ.

ಹೊಸ ಕಲಾವಿದರನ್ನು ಹುಡುಕುವವರಿಗೆ ಒಂದು ಮಾತು. ಸ್ಪಾಟಿಫೈನಲ್ಲಿ 2024ರಿಂದ ಒಂದು ನಿಯಮ ಇದೆ. ಹನ್ನೆರಡು ತಿಂಗಳಲ್ಲಿ ಸಾವಿರ ಸಲ ಕೇಳದ ಹಾಡಿಗೆ ಒಂದು ಪೈಸೆಯೂ ಇಲ್ಲ. ನಮ್ಮ ಆರರಲ್ಲಿ ಐದು ಅಂಥವೇ. ಬ್ಯಾಂಡ್‌ಕ್ಯಾಂಪ್ ಅಂತ ಇನ್ನೊಂದು ಇದೆ, ಅಲ್ಲಿ ಕೇಳುಗರು ನೇರವಾಗಿ ಕೊಂಡುಕೊಳ್ಳುತ್ತಾರೆ. ಡಿಜಿಟಲ್ ಆಲ್ಬಮ್ಮಿಗೆ ಅವರು ನೂರಕ್ಕೆ 15 ಹಿಡಿಯುತ್ತಾರೆ. ಹಣ ಪಾವತಿಯ ಖರ್ಚು ಕಳೆದು ಉಳಿದದ್ದು ಹಾಡಿದವರಿಗೆ. ಇಷ್ಟವಾದರೆ ಅಲ್ಲಿ ಹೋಗಿ ನೋಡಿ.

ರೇಡಿಯೋ ಭಾವ

ತಮ್ಮ, ಮೈಕ್ ಆಫ್ ಮಾಡಿದ್ದು ತಪ್ಪು. ಆದರೆ ಅಶ್ವತ್ಥ್ ಹಾಡಿದ ಮೇಲೆ ಷರೀಫರ ಪದವನ್ನು ಬೇರೆಯವರು ಮುಟ್ಟಬಾರದು, ಇದು ನನ್ನ ಅಭಿಪ್ರಾಯ.

ಗಿಟಾರ್ ಹುಡುಗ

ಸರ್, ಷರೀಫರು 1889ರಲ್ಲೇ ಹೋದರು. ಅಶ್ವತ್ಥ್ ಸರ್ ಕೂಡ ಒಂದು ಕಾಲಕ್ಕೆ "ಬೇರೆಯವರು" ಆಗಿದ್ದರಲ್ವಾ?

ರೇಡಿಯೋ ಭಾವ

ಹ್ಞೂಂ.

ತುಂಗೆ ಸೇತುವೆ

ಭಾವನ ಬಾಯಲ್ಲಿ ಹ್ಞೂಂ ಬಂತು ಅಂದರೆ ಇವತ್ತು ಗಾಜನೂರು ಡ್ಯಾಮ್ ತುಂಬುತ್ತೆ.

ಹುಡುಕುವ ವಿಷಯ ಬಂತಲ್ಲ, ನನ್ನ ದಾರಿ ಹೇಳುತ್ತೇನೆ. ಆಪ್ ಕೊಡುವ ಪಟ್ಟಿ ಒಂದು ಹಂತದವರೆಗೆ ಸರಿ. ಅದು ನೀವು ನಿನ್ನೆ ಉಂಡದ್ದನ್ನೇ ಇವತ್ತು ಒಗ್ಗರಣೆ ಹಾಕಿ ಕೊಡುತ್ತದೆ. ನಾನು ಮಾಡುವುದು ಇಷ್ಟೇ: ಒಂದು ತಂಡ ಹಿಡಿಸಿದರೆ, ಅವರಿಗೆ ಯಾರು ಹಿಡಿಸಿದ್ದರು ಅಂತ ನೋಡುತ್ತೇನೆ. ಖ್ರುವಾಂಗ್‌ಬಿನ್ ಸಿಕ್ಕಿದ್ದು, ಅವರಿಂದ ಮುಂದಕ್ಕೆ ಹೋದದ್ದು ಹಾಗೇ. ಟೆಕ್ಸಾಸಿನ ಹ್ಯೂಸ್ಟನ್ನಿನ ಮೂರು ಜನ. ಹೆಸರು ಮಾತ್ರ ಥಾಯ್ ಭಾಷೆಯದ್ದು, ವಿಮಾನ ಅಂತ ಅರ್ಥ. ಗಿಟಾರಿನವನೂ ಡ್ರಮ್ಮಿನವನೂ ಗುರುತಾದದ್ದು ಚರ್ಚಿನ ಗಾಸ್ಪೆಲ್ ತಂಡದಲ್ಲಿ ನುಡಿಸುವಾಗ. ಕೇಳುತ್ತಿದ್ದದ್ದು 60, 70ರ ದಶಕದ ಥಾಯ್ಲೆಂಡಿನ ಹಳೆಯ ಹಾಡು. 2015ರ ಮೊದಲ ಆಲ್ಬಮ್ ಮಾಡಿದ್ದು ಹಳ್ಳಿಯೊಂದರ ಕೊಟ್ಟಿಗೆಯಲ್ಲಿ. ನಿಜವಾದ ಕೊಟ್ಟಿಗೆ, ಸುತ್ತ ದನ.

ಅಮೆರಿಕದ ಚರ್ಚು, ಥಾಯ್ ಹಾಡು, ಹಳ್ಳಿಯ ಕೊಟ್ಟಿಗೆ. ಇದರಿಂದ ಏನೂ ಸರಿ ಬರಲಾರದು ಅಂದುಕೊಂಡೆ. ಆಗುಂಬೆ ಘಾಟಿ ಇಳಿಯುವಾಗ ಬಸ್ಸಿನಲ್ಲಿ ಕೇಳಿ ನೋಡಿ. ಬೇಸ್ ಗಿಟಾರ್ ಒಂದೊಂದೇ ತಿರುವು ನಿಧಾನವಾಗಿ ತೆಗೆದುಕೊಳ್ಳುತ್ತದೆ. ಮಾತು ಕಡಿಮೆ, ಕೆಲವು ಹಾಡಿನಲ್ಲಿ ಇಲ್ಲವೇ ಇಲ್ಲ. ಅವರಿಂದ ನಾನು ಹಳೆಯ ಥಾಯ್ ಹಾಡುಗಳಿಗೆ ಹೋದೆ, ಈಗ ಹೊರಗೆ ಬರಲಾಗುತ್ತಿಲ್ಲ.

ಇನ್ನೊಂದು, ದೆಹಲಿಯ ಪೀಟರ್ ಕ್ಯಾಟ್ ರೆಕಾರ್ಡಿಂಗ್ ಕಂಪನಿ. ಹೆಸರು ಕೇಳಿ ಬೆಕ್ಕಿನ ಬಿಸ್ಕೆಟ್ ಕಂಪನಿ ಅಂದುಕೊಂಡಿದ್ದೆ. 2019ರಲ್ಲಿ ಬಂದ ಬಿಸ್ಮಿಲ್ಲಾ ಆಲ್ಬಮ್ ಹಾಕಿ. ಮದುವೆ ಬ್ಯಾಂಡ್‌ಸೆಟ್ಟು ದಾರಿ ತಪ್ಪಿ ಜಾಝ್ ಕ್ಲಬ್ಬಿಗೆ ಹೋದ ಹಾಗಿದೆ. ಹಾಡುವವನ ದನಿಯಲ್ಲಿ ಹಳೆಯ ಕಾಲದ ಗಾಯಕರ ಬೆಣ್ಣೆ. ಇಂಗ್ಲಿಷ್ ಹಾಡಿದರೂ ಹೊರಗಿನದ್ದು ಅನ್ನಿಸುವುದಿಲ್ಲ.

ಸಾಗರದವಳು

ಬೆಣ್ಣೆ ಅನ್ನಬೇಡಿ, ನನಗೆ ಅವನ ದನಿ ಜಾಸ್ತಿ ಆಯಿತು. ನಾಲ್ಕು ಹಾಡು ಆದ ಮೇಲೆ ಉಪ್ಪಿನಕಾಯಿ ಬೇಕು ಅನ್ನಿಸುತ್ತದೆ.

ಎಂಡೂ ಮೊಕ್ತಾರ್ ಬಗ್ಗೆ ಒಂದು ಸೇರಿಸಬೇಕು. ಅವನು ನಟಿಸಿದ ಒಂದು ಸಿನಿಮಾ ಇದೆ, 2015ರದ್ದು. ಅಮೆರಿಕದ ಪ್ರಸಿದ್ಧ ಪರ್ಪಲ್ ರೇನ್ ಸಿನಿಮಾಕ್ಕೆ ಗೌರವ ಅಂತ ಮಾಡಿದ್ದು. ಆದರೆ ತುವಾರೆಗ್ ಭಾಷೆಯಲ್ಲಿ ನೇರಳೆ ಬಣ್ಣಕ್ಕೆ ಪದವೇ ಇಲ್ಲವಂತೆ. ಹಾಗಾಗಿ ಸಿನಿಮಾದ ಹೆಸರು "ಸ್ವಲ್ಪ ಕೆಂಪು ಬೆರೆತ ನೀಲಿ ಮಳೆ" ಅಂತಾಯಿತು. ನಾನು ಇದನ್ನು ಓದಿ ಸುಮಾರು ಹೊತ್ತು ಅಂಗಳದ ನೇರಳೆ ಮರ ನೋಡುತ್ತಾ ಕೂತಿದ್ದೆ. ಮಳೆಯೇ ಅಪರೂಪವಾದ ಊರಿನವರು ಮಳೆಗೆ ಬಣ್ಣ ಹುಡುಕುತ್ತಿದ್ದಾರೆ. ನಮಗೆ ಅದು ಒಣಗದ ಬಟ್ಟೆ ಅಷ್ಟೇ.

ರೇಡಿಯೋ ಭಾವ

ನಾಲ್ಕು ದಿನ ಈ ಕಡೆ ಬಂದಿರಲಿಲ್ಲ. ಮಗಳಿಗೆ ಹೇಳಿ, ಇಲ್ಲಿ ಬಂದ ಹೆಸರುಗಳನ್ನೆಲ್ಲ ಒಂದೊಂದಾಗಿ ಹಾಕಿಸಿಕೊಂಡೆ. ಮಂಗೋಲಿಯಾದವರಿಗೆ ಮನೆಯಾಕೆ ಬಾಗಿಲು ಹಾಕಿಕೊಂಡಳು. ಐಸ್‌ಲ್ಯಾಂಡಿನದ್ದು ನಿದ್ದೆ. ಮರುಭೂಮಿಯದ್ದು ಪರವಾಗಿಲ್ಲ, ಆದರೆ ಎಲ್ಲ ಹಾಡೂ ಒಂದೇ ಹಾಡು.

ಮಗಳು ತಾನಾಗಿ ಒಂದು ಹಾಕಿದಳು. ಅರೂಜ್ ಅಫ್ತಾಬ್ ಅಂತ, ಪಾಕಿಸ್ತಾನದ ಹೆಣ್ಣುಮಗಳು, ಈಗ ಅಮೆರಿಕದಲ್ಲಿ ಇರುವುದು. ಮೊಹಬ್ಬತ್ ಅನ್ನುವ ಹಾಡಿಗೆ 2022ರಲ್ಲಿ ಗ್ರ್ಯಾಮಿ ಬಂದಿದೆಯಂತೆ. ಪಾಕಿಸ್ತಾನದ ಕಲಾವಿದರಿಗೆ ಅದೇ ಮೊದಲು. ನಾನು ಸೋಫಾದಿಂದ ಎದ್ದು ಕೂತೆ. ಆ ಗಜಲ್ ನನಗೆ ಗೊತ್ತು! ಮೆಹದಿ ಹಸನ್ ಹಾಡಿದ್ದು, ನನ್ನಲ್ಲಿ ಕ್ಯಾಸೆಟ್ ಇದೆ. ಫ್ಯಾಕ್ಟರಿಯ ಸಹೋದ್ಯೋಗಿಯೊಬ್ಬರು 1986ರಲ್ಲಿ ಕೊಟ್ಟದ್ದು, ವಾಪಸ್ ಕೊಟ್ಟಿಲ್ಲ.

ಮೊದಲು ಕೋಪ ಬಂತು. ತಬಲಾ ಇಲ್ಲ, ಹಾರ್ಮೋನಿಯಂ ಇಲ್ಲ. ತಾಳ ಎಲ್ಲಿ ಹೋಯಿತು? ಆಫ್ ಮಾಡು ಅಂದೆ. ರಾತ್ರಿ ಹನ್ನೊಂದಕ್ಕೆ ಮತ್ತೆ ಹಾಕು ಅಂದೆ. ಮೆಹದಿ ಹಸನ್ ಸಾಹೇಬರು ಹಾಡಿದಾಗ ಒಂದು ಮೆಹಫಿಲ್ ಇರುತ್ತದೆ, ವಾಹ್ ಅನ್ನುವವರು ಇರುತ್ತಾರೆ. ಈ ಹೆಂಗಸು ಹಾಡಿದರೆ ಎಲ್ಲರೂ ಎದ್ದು ಹೋದ ಮೇಲಿನ ಖಾಲಿ ಜಮಖಾನೆ ಕಾಣುತ್ತದೆ. ಅದೇ ಸಾಲು, ಅದೇ ಪ್ರೇಮ, ಆದರೆ ಯಾರೂ ಇಲ್ಲ.

ಇದರ ಮೇಲೆ ಜಾಸ್ತಿ ಹೇಳುವುದಿಲ್ಲ. ಷರೀಫರ ಬಗ್ಗೆ ನನ್ನ ಅಭಿಪ್ರಾಯ ಮೊದಲಿನದ್ದೇ.

ಹೊಸನಗರ 2ಜಿ

ಭಾವ, ಕ್ಯಾಸೆಟ್ ವಾಪಸ್ ಕೊಡಿ.

ಅಡಿಕೆ ಅಂಗಳ

ಈ ವರ್ಷದ ಸುಲಿತ ಸೋಮವಾರ ಶುರುವಾಯಿತು. ಅಜ್ಜಿ ಬಂದವರೇ ಎಲೆಅಡಿಕೆ ಹಾಕಿಕೊಂಡು "ಅಣ್ಣಯ್ಯ, ಆ ಗಾಡಿಯವರು ಬರಲಿಲ್ವಾ?" ಅಂತ ಕೇಳಿದರು. ನಾನು ಈ ಸಲ ತಯಾರಾಗಿದ್ದೆ. ಪೇಟೆಗೆ ಹೋದಾಗ ನೆಟ್‌ವರ್ಕ್ ಇರುವ ಕಡೆ ನಿಂತು ನೀವು ಹೇಳಿದ್ದನ್ನೆಲ್ಲ ಇಳಿಸಿಕೊಂಡಿದ್ದೆ.

ಬ್ರೇಕ್ ಕೇಬಲ್ ಹುಡುಗನಿಗೆ ಗಂಡಸರ ಕಡೆಯಿಂದ ಒಳ್ಳೆ ಬೆಂಬಲ. ಸುಲಿಯುವುದೂ ಜೋರಾಯಿತು, ಇಬ್ಬರು ಕೈ ಕೊಯ್ದುಕೊಂಡರು, ನಿಲ್ಲಿಸಬೇಕಾಯಿತು. ಖ್ರುವಾಂಗ್‌ಬಿನ್ ಅರ್ಧ ಗಂಟೆ ಓಡಿತು. ಅಜ್ಜಿಯ ತೀರ್ಪು: "ಚೆನ್ನಾಗಿದೆ, ಹಾಡು ಯಾವಾಗ ಶುರುವಾಗುತ್ತೆ?" ಸುಬ್ಬಣ್ಣ ಅವರದ್ದನ್ನು ಭಾವನ ಮರ್ಯಾದೆಗೆ ಹಾಕಿದೆ, ಎಲ್ಲರೂ ಜೊತೆಗೆ ಹಾಡಿದರು. ಅರೂಜ್ ಹಾಕಿದಾಗ ಮಾತ್ರ ಒಬ್ಬಳು ಎದ್ದು ಹೊರಗೆ ಹೋದಳು. ಸ್ವಲ್ಪ ಹೊತ್ತು ಬಿಟ್ಟು ಬಂದು ಮತ್ತೆ ಕೂತಳು. ನಾನು ಏನೂ ಕೇಳಲಿಲ್ಲ.

ಗಿಟಾರ್ ಹುಡುಗ, ನಿಮ್ಮ ಆರು ಹಾಡು ಎಲ್ಲಿ ಸಿಗುತ್ತವೆ? ಆಪಿನಲ್ಲಿ ಹುಡುಕಿದೆ, ಸಿಗಲಿಲ್ಲ. ಇಲ್ಲಿ ಸಾವಿರ ಸಲ ಓಡಿಸುವುದು ನಮಗೆ ಕಷ್ಟವಲ್ಲ. ಇನ್ನೂ ಎಂಟು ರಾತ್ರಿ ಇದೆ.

ಗಿಟಾರ್ ಹುಡುಗ

ಅಣ್ಣ, ಇಳಿಸಿಕೊಂಡು ಕೇಳಿದ್ದು ಲೆಕ್ಕಕ್ಕೆ ಬರಬೇಕಾದರೆ ಆಮೇಲೆ ಒಮ್ಮೆ ನೆಟ್ ಆನ್ ಮಾಡಬೇಕು. ಆದರೆ ಅದು ಬಿಡಿ. ಬ್ಯಾಂಡಿನ ಹೆಸರು ಬದಲಾಯಿಸುತ್ತಿದ್ದೇವೆ, ಅದಕ್ಕೇ ಸಿಕ್ಕಿಲ್ಲ. ವಾಟ್ಸಾಪಿನಲ್ಲಿ ಕಳಿಸಲಾ?

ಅಡಿಕೆ ಅಂಗಳ

ನಮ್ಮಲ್ಲಿ ಇಳಿಯುವುದಿಲ್ಲ. ಶನಿವಾರ ಮಂಡಿಗೆ ಬರುತ್ತೇನೆ, ಪೆನ್ ಡ್ರೈವ್ ತರುತ್ತೇನೆ. ದುಡ್ಡು ಎಷ್ಟು ಅಂತ ಹೇಳಿ.

ಗಿಟಾರ್ ಹುಡುಗ

ದುಡ್ಡು ಬೇಡ. ಹಲಸಿನ ಹಪ್ಪಳ ಇದ್ದರೆ ತನ್ನಿ. ಅಜ್ಜಿ ಏನು ಅಂದರು ಅಂತ ಮಾತ್ರ ಬರೆಯಿರಿ, ಬೈದರೂ ಸರಿ.

ಕಳಲೆ ಪಲ್ಯ

ಡ್ರಮ್ಮರ್‌ಗೆ ಹಪ್ಪಳ ಕೊಡಬೇಡಿ.